ಚಾಡಿ ಹೇಳುವ ಮರ

ಮಸ್ಕತ್ತಿನ ವಾದಿ ಕಬೀರಿನಲ್ಲಿ ಕೊರಗಪ್ಪನ ಬರಿಗಾಲಿನ ಪರಿಚಯವಾಗದ ಹಲಗೆ ಒಂದೂ ಉಳಿದಿರಲಿಲ್ಲ. ಕೆಲವು ತಿಂಗಳಿಂದ ಪ್ರತಿ ಶುಕ್ರವಾರ ಸಂಜೆ ಅವನು ಆ ಮರದಂಗಡಿಗಳ ಸಾಲಿಗೆ ಬಂದು, ಬೂಟು ಬಿಚ್ಚಿ, ಕಾಲುಚೀಲವನ್ನು ಅದರೊಳಗೆ ತುರುಕಿ, ಹಲಗೆಯ ಮೇಲೆ ಹತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಇವನು ಯಾವುದೋ ಹರಕೆ ಹೊತ್ತವನಿರಬೇಕೆಂದು ಪೇಶಾವರದ ಬಡಗಿಗಳು ಗರಗಸ ನಿಲ್ಲಿಸಿ ದಾರಿ ಬಿಡುತ್ತಿದ್ದರು. ಬಿಸಿಲಿನ ಮಾತೇ ಬೇಡ. ಆ ಊರಿನಲ್ಲಿ ಏಪ್ರಿಲ್ ಬಂತೆಂದರೆ ಮನುಷ್ಯನ ನೆರಳು ಕೂಡ ಕಾಲಡಿಯಿಂದ ಆಚೆಗೆ ಬರಲು ಒಪ್ಪುವುದಿಲ್ಲ. ಬರ್ಮಾದ ತೇಗ ಅವನ ಅಂಗಾಲಿಗೆ ಸೊಕ್ಕಿನದ್ದೆನಿಸಿತು. ಮಲೇಷ್ಯಾದ ಮೆರಂಟಿ ಮೆಟ್ಟುವ ಮೊದಲೇ ಬಗ್ಗುವ ಜಾತಿ. ಆಫ್ರಿಕಾದ್ದೆಂದು ಮಾರುತ್ತಿದ್ದ ಕೆಂಪು ಮರವೊಂದು ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಬಾಯಿಲ್ಲ. ಏನು ಹುಡುಕುತ್ತೀ ಎಂದು ಕೇಳಿದವರಿಗೆಲ್ಲ ಫಿನಿಶಿಂಗ್ ಎನ್ನುತ್ತಿದ್ದ. ನಿಜಕ್ಕೂ ಅವನು ಹುಡುಕುತ್ತಿದ್ದದ್ದು ಒಂದು ಸದ್ದನ್ನು. ಕಾಲಿಟ್ಟರೆ ಇಡೀ ಮನೆಗೆ ಗೊತ್ತಾಗುವಂಥ ಸದ್ದನ್ನು. ಇದನ್ನು ಅವನು ಹೆಂಡತಿ ಹರಿಣಾಕ್ಷಿಗೂ ಹೇಳಿರಲಿಲ್ಲ.

ಅವನ ಹೊಸ ಮನೆ ಎದ್ದು ನಿಂತದ್ದು ಊರಿನಲ್ಲಿ, ಬೆಳ್ಮಣ್ಣಿನ ಹತ್ತಿರ. ಸಿಮೆಂಟಿನ ಮೆಟ್ಟಿಲುಗಳ ಎರಕ ಮುಗಿದು, ಮೇಲೆ ಹಲಗೆ ಹೊದಿಸುವುದೋ ಕೆಂಪು ಗಾರೆ ಬಳಿಯುವುದೋ ಎಂದು ಆಚಾರಿ ಕೊಗ್ಗ ಕೈಕಟ್ಟಿ ಕೂತಿದ್ದ. ಎಂಬತ್ತೆಂಟರ ರಜೆಯಲ್ಲಿ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೊರಗಪ್ಪ ಹೇಳಿಬಿಟ್ಟಿದ್ದ: ಮೆಟ್ಟಿಲಿಗೆ ಹಾಸುವ ಮರ ಫಾರಿನ್ನಿನಿಂದ ಬರುತ್ತದೆ, ಅಂಥದ್ದನ್ನು ಈ ತಾಲೂಕು ಕಂಡಿಲ್ಲ. ಮರಳುಗಾಡಿನಿಂದ ಮರ ಬರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಮಸ್ಕತ್ತಿನಿಂದ ಬಂದದ್ದೆಂದರೆ ಚಿಟಿಕೆ ಉಪ್ಪನ್ನೂ ಎರಡು ಸಲ ಮೂಸುವ ಕಾಲ ಅದು. ಮಾತು ಆಡಿದ ಮೇಲೆ ಅದರ ಹಿಂದೆ ಓಡುವುದು ಅವನ ಹಣೆಬರಹ. ಕಟ್ಟಡ ಕಂಪನಿಯಲ್ಲಿ ಸಾಮಾನು ಲೆಕ್ಕ ಇಡುವವನು ಊರಿನಲ್ಲಿ ಇಂಜಿನಿಯರ್ ಆಗಿದ್ದ. ಅಲ್ ಗುಬ್ರಾದ ಮೂರನೇ ಮಾಳಿಗೆಯ ಎರಡು ಕೋಣೆಯ ಫ್ಲಾಟು ಊರಿನಲ್ಲಿ ಕಂಪನಿ ಬಂಗಲೆ ಆಗಿತ್ತು. ಆ ಬಂಗಲೆಯನ್ನು ನೋಡಲೆಂದೇ ವಿಸಿಟ್ ವೀಸಾದಲ್ಲಿ ಬಂದ ಅವನ ತಾಯಿ, ಬಾಗಿ ಎಂದು ಹೆಸರು, ಮೊದಲ ದಿನ ಎರಡೂ ಕೋಣೆಗಳನ್ನು ನೋಡಿ, ಬಾಲ್ಕನಿಯಲ್ಲಿ ನಿಂತು, ಬಾಕಿ ಎಲ್ಲಿ ಎಂದು ಕೇಳಿದ್ದಳು. ಈಗ ಅವಳು ಹಿಂತಿರುಗುವ ವಾರ. ಕೊಗ್ಗನಿಗೆ ಕೊನೆಯ ಮಾತನ್ನು ಅವಳೇ ಒಯ್ಯಬೇಕು. ಅವಳೋ, ಮರ ಎಂದರೆ ತಲೆ ಅಲ್ಲಾಡಿಸುತ್ತಿದ್ದಳು.

ಹೊಸ ಮನೆಯಲ್ಲಿ ಅವನು ತಾಯಿಗೆಂದೇ ಉಪ್ಪರಿಗೆಯ ಮೇಲೆ ಕೋಣೆ ಕಟ್ಟಿಸಿದ್ದ. ಪಡುವಣಕ್ಕೆ ಕಿಟಕಿ, ಕಿಟಕಿಯಲ್ಲಿ ಇಡೀ ಅರಬ್ಬೀ ಸಮುದ್ರ. ಹಡಗಿನ ಮೇಲೆ ಬರೆದ ಹೆಸರು ಓದಬಹುದು ಎಂದು ಫೋನಿನಲ್ಲಿ ಹೇಳಿದ್ದ. ಗಾರೆ ಬಳಿದರೆ ಹತ್ತುತ್ತೇನೆ, ಮರ ಹಾಕಿದರೆ ನನಗೆ ಕೆಳಗೆ ಅಡಿಗೆಕೋಣೆಯ ಪಕ್ಕದಲ್ಲಿ ಒಂದು ಚಾಪೆ ಸಾಕು ಎನ್ನುವುದು ಅವಳ ಹಟ. ಯಾಕೆ ಎಂದರೆ ಒಂದೇ ಮಾತು.

"ಮರ ಚಾಡಿ ಹೇಳ್ತದೆ."

ಇಂದು ವಾದಿ ಕಬೀರಿಗೆ ಹೊರಟ ಕಾರಿನ ಮುಂದಿನ ಸೀಟಿನಲ್ಲಿ ಕೂತವಳು, ಏರ್‌ಕಂಡೀಶನ್ನಿನ ಗಾಳಿಗೆ ಸೆರಗನ್ನು ಕಿವಿಯವರೆಗೆ ಎಳೆದುಕೊಂಡು, ಇದೇ ಮಾತನ್ನು ಮತ್ತೊಮ್ಮೆ ಹೇಳಿದಾಗ ಕೊರಗಪ್ಪನಿಗೆ ಸ್ಟೇರಿಂಗ್ ಕಿತ್ತು ಕೈಗೆ ಬಂದಂತಾಯಿತು. ಹಿಂದೆ ಅಲ್ ಗುಬ್ರಾದ, ಸಮುದ್ರದ ಉಪ್ಪು ತೆಗೆಯುವ ನೀರಿನ ಕಾರ್ಖಾನೆಯ ಚಿಮಣಿಗಳು ಸಣ್ಣವಾಗುತ್ತಿದ್ದವು. ಆ ಫ್ಲಾಟಿನ ಮೆಟ್ಟಿಲು ಸಿಮೆಂಟಿನದ್ದು. ಲಿಫ್ಟು ಇದ್ದೂ ಅವಳು ಅದರೊಳಗೆ ಕಾಲಿಡಳು. ಮೊಮ್ಮಗಳು 'ಅಜ್ಜೀ, ಜಸ್ಟ್ ಪ್ರೆಸ್ ತ್ರೀ' ಎಂದು ಎಷ್ಟು ಕಲಿಸಿದರೂ ಇಲ್ಲ. ಮೆಟ್ಟಿಲಲ್ಲೇ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಹೋಗುವ ಕ್ರಮ. ಮೊದಲ ಮೆಟ್ಟಿಲ ಬುಡದಲ್ಲಿ ನಿಲ್ಲುವುದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುವುದು, ಗೋಡೆಗೆ ಭುಜ ತಾಗಿಸಿ, ಮೆಟ್ಟಿಲಿನ ಆ ಮೂಲೆಯ ನಾಲ್ಕು ಬೆರಳಗಲವನ್ನು ಬಿಟ್ಟರೆ ಬಾಕಿ ಜಾಗವೆಲ್ಲ ಇನ್ನೊಬ್ಬರ ಜಹಗೀರು ಎಂಬಂತೆ ಹತ್ತುವುದು. ಎದುರು ಮನೆಯ ಬಾಲಸುಬ್ರಹ್ಮಣ್ಯ, ಇಂಡಿಯನ್ ಸ್ಕೂಲಿನ ಲೆಕ್ಕದ ಮಾಸ್ತರರು, ಕನ್ನಡಕ ಸರಿಪಡಿಸಿಕೊಂಡು ನೋಡಿದ್ದರು. ನಿಮ್ಮ ತಾಯಿಯವರ ಪಾದಕ್ಕೇನಾದರೂ ತೊಂದರೆಯೋ? ಇಲ್ಲ ಸಾರ್, ಲಂಡನ್ನಿನ ಡಾಕ್ಟರು ಹೇಳಿದ್ದು, ತಣ್ಣಗಿನ ಸಿಮೆಂಟಿಗೆ ಬರಿಗಾಲು ತಾಗಿದರೆ ರಕ್ತದ ಒತ್ತಡ ಇಳಿಯುತ್ತದಂತೆ ಎಂದು ಕೊರಗಪ್ಪ ನಿಂತ ನಿಲುವಿನಲ್ಲೇ ಹುಟ್ಟಿಸಿ ಹೇಳಿದ. ಮಾರನೆಯ ಬೆಳಿಗ್ಗೆ ಮಾಸ್ತರರ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. ವಾರದೊಳಗೆ ಅರ್ಧ ಬಿಲ್ಡಿಂಗ್ ಬರಿಗಾಲು. ಹರಿಣಾಕ್ಷಿ ಬಾಯಿಗೆ ಬಟ್ಟೆ ಹಿಡಿದು ನಕ್ಕಳು. ಕೊರಗಪ್ಪ ನಗಲಿಲ್ಲ. ಅವನಿಗೆ ಆ ಕ್ರಮ ಎಲ್ಲಿಯದೆಂದು ಗೊತ್ತಿತ್ತು.

ಅಮ್ಮ ಕೆಲಸಕ್ಕಿದ್ದ ಗುತ್ತಿನ ಮನೆಯ, ಅಂದರೆ ಊರ ಒಡೆಯರ ಮನೆಯ, ಮೆಟ್ಟಿಲು ಮರದ್ದು; ಈಗಷ್ಟೇ ಮಿಂದು ಬಂದ ಎಮ್ಮೆಯ ಬೆನ್ನಿನಂತೆ ಕಪ್ಪಗೆ, ನುಣ್ಣಗೆ. ಊರಿಗೆ ಇದ್ದದ್ದು ಒಂದೇ ಉಪ್ಪರಿಗೆ. ಅವನಿಗಾಗ ಆರೋ ಏಳೋ. ಅಮ್ಮ ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದವಳು ಕಾಣಿಸುತ್ತಿರಲಿಲ್ಲ. ಮಧ್ಯಾಹ್ನ, ಹಸಿವು, ಯಾರೂ ಇಲ್ಲದ ಚಾವಡಿ. ಅವನು ಒಂದು ಮೆಟ್ಟಿಲು ಹತ್ತಿದ, ಇನ್ನೊಂದು ಹತ್ತಿದ, ಮೂರನೆಯದಕ್ಕೆ ಕಾಲಿಟ್ಟನೋ ಇಲ್ಲವೋ, ಮರ ಕುಂಯ್ಕ್ ಎಂದು ಕೂಗಿಕೊಂಡಿತು. ಒಳಗಿನಿಂದ ಯಜಮಾನ್ತಿಯ ದನಿ: ಯಾರದು? ಅಮ್ಮ ಎಲ್ಲಿಂದಲೋ ಬಂದಳು. ಎಲ್ಲಿಂದ ಬಂದಳೆಂದು ಇಂದಿಗೂ ಅವನಿಗೆ ಹೇಳಲಾಗದು; ಗಾಳಿಯಿಂದ ಉದುರಿದಂತೆ ಬಂದಳು. ಕೆನ್ನೆಗೆ ಒಂದು ಬಿಗಿದಳು. ಅವಳ ತುಟಿ ಕೆಂಪಾಗಿತ್ತು, ಸಿಟ್ಟಿಗೆ ತಾನೇ ಕಚ್ಚಿಕೊಂಡಿದ್ದಾಳೆ ಎಂದುಕೊಂಡ. ಯಜಮಾನ್ತಿ ಬಾಗಿಲಿಗೆ ಬಂದು, ಅವನನ್ನು ನೋಡದೆ, ಮೆಟ್ಟಿಲನ್ನು ನೋಡಿ ಹೇಳಿದಳು: ನೀರು ಹಾಕಿ ಒರೆಸು. ಅಮ್ಮ ಮೊಣಕಾಲೂರಿ ಸೆರಗಿನಲ್ಲಿ ಒರೆಸಿದಳು, ಅವನು ಮೆಟ್ಟಿದ ಮೂರನ್ನು ಮಾತ್ರವಲ್ಲ, ಮೇಲಿನ ತುದಿಯವರೆಗೂ. ಇಡೀ ಮೆಟ್ಟಿಲನ್ನು ಯಾಕೆ ಒರೆಸಿದೆ ಅಮ್ಮ, ನಾನು ಮೆಟ್ಟಿದ್ದು ಮೂರೇ ಅಲ್ಲವೇ? ಆ ಪ್ರಶ್ನೆ ಅವನ ಗಂಟಲಿನಲ್ಲಿ ಬೆಳೆದು, ಮೀಸೆ ಬಂದ ಮೇಲೂ ಇಳಿಯದೆ, ಬೊಂಬಾಯಿ ದಾಟಿ, ಮಸ್ಕತ್ತಿಗೆ ಬಂದು ಇಳಿದಿತ್ತು. ಅವತ್ತೇ ಅವನಿಗೆ ಅಮ್ಮನ ಮೇಲೆ ನಾಚಿಕೆಯಾದದ್ದು, ಮತ್ತು ಅಂಥ ನಾಚಿಕೆಗಾಗಿ ತನ್ನ ಮೇಲೆ ಹೇಸಿಗೆಯಾದದ್ದು. ಯಾವುದು ಮೊದಲು ಬಂತು, ಯಾವುದು ಆಮೇಲೆ, ಬಿಡಿಸಲಾರ.

ಬಿಡಿಸಲಾರದ ಇನ್ನೂ ಒಂದಿತ್ತು. ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ಅವನ ಬಿಳಿ ಸಾಹೇಬನ ವಿಲ್ಲಾ. ಮೆಟ್ಟಿಲಿಗೆ ಹೊಸ ಮರ ಹಾಸಿದ್ದಾಗ, ಸಾಮಾನು ಸರಿಯಾಗಿ ಬಂದಿದೆಯೇ ನೋಡಿ ಬಾ ಎಂದು ಕಳಿಸಿದ್ದರು. ಸಾಹೇಬನ ಹೆಂಡತಿ ಮುಗುಳ್ನಕ್ಕು, ನಿಮ್ಮ ಬೂಟು, ಬೇಸರವಿಲ್ಲದಿದ್ದರೆ, ಎಂದಳು. ಬೇಸರ ಎಂಥದ್ದು. ಬಿಚ್ಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಡೀ ಒಮಾನ್ ದೇಶಕ್ಕೆ ಕಾಣುವಂತೆ ಹೊರಗೆ ಬಂದಿತ್ತು. ಆ ಹೆಬ್ಬೆರಳನ್ನು ಮಡಚಿಕೊಂಡು ಅವನು ಗೋಡೆಯ ಅಂಚಿನಲ್ಲಿ ಹತ್ತಿದ. ಯಾರೂ ಹಾಗೆ ಹತ್ತು ಎಂದಿರಲಿಲ್ಲ. ಮರ ತುಟಿ ಪಿಟಕ್ಕೆನ್ನಲಿಲ್ಲ. ಅವತ್ತು ಮನೆಗೆ ಬಂದು ಹರಿಣಾಕ್ಷಿಗೆ ಹೇಳಿದ್ದು: ಸಾಹೇಬರ ಮನೆಯ ಮೆಟ್ಟಿಲನ್ನು ನಾನು ಪಾಸು ಮಾಡಿದ ಮೇಲೆಯೇ ಅವರು ಹತ್ತಿದರು.

ಹಾಜಬ್ಬನ ಅಂಗಡಿಯ ಬೋರ್ಡಿನಲ್ಲಿ ಅರಬ್ಬಿಯಲ್ಲಿ ಕಫೀಲನ, ಅಂದರೆ ಲೈಸೆನ್ಸು ಹೊಂದಿದ ಒಮಾನಿಯ ಹೆಸರು. ಒಳಗೆ ಗದ್ದುಗೆಯಲ್ಲಿ ಮಾತ್ರ ಬಂಟ್ವಾಳದ ಹಾಜಬ್ಬ ಬ್ಯಾರಿ. ಜುಮ್ಮಾ ಮುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು ಆಗಷ್ಟೇ ಶಟರ್ ಎತ್ತಿದ್ದ. ತನ್ನ ಅಜ್ಜ ನೇತ್ರಾವತಿಯಲ್ಲಿ ಮರ ತೇಲಿಸಿದರೆ ಹೊಳೆಗೆ ನೀರು ಕಾಣುತ್ತಿರಲಿಲ್ಲ, ಜನ ಈ ದಡದಿಂದ ಆ ದಡಕ್ಕೆ ಮರದ ಮೇಲೆಯೇ ಮದುವೆಗೆ ಹೋಗುತ್ತಿದ್ದರು ಎಂದು ಹೇಳುವ ಹಾಜಬ್ಬನ ಎದುರು ಕೊರಗಪ್ಪನ ಬಡಾಯಿ ಮಗ್ಗಿ ಕಲಿಯುವ ಮಗು. ಬಾಗಿಯನ್ನು ನೋಡಿದ್ದೇ ಅವನು ತುಳುವಿಗೆ ಇಳಿದ. ಬಾಗಕ್ಕನಿಗೆ ಕೂರಲು ಹಲಗೆಯ ಅಟ್ಟಿಯ ಮೇಲೆ ತನ್ನ ದಿಂಬು ಹಾಕಿಸಿ, ಹೀರುವ ಕಡ್ಡಿ ಚುಚ್ಚಿದ ಕಿತ್ತಳೆ ಪಾನಕದ ತಣ್ಣನೆಯ ಡಬ್ಬಿ ಕೊಡಿಸಿದ. ಆಮೇಲೆ ಕೊರಗಪ್ಪನ ಕಡೆ ತಿರುಗಿ, ಇಂಜಿನೀರ್ರೇ, ಬೂಟು ಬಿಚ್ಚಿ, ಇವತ್ತು ಒಂದು ಮಾಲು ಉಂಟು, ಸೂರ್ ಬಂದರದವರ ಹಡಗು ರಿಪೇರಿಗೆ ಅಂತ ತರಿಸಿದ್ದು, ಅವರು ಕೊಂಡುಹೋಗಲಿಲ್ಲ ಎಂದ.

ಇಟ್ಟಿಗೆಗಳ ಮೇಲೆ ಹಲಗೆಗಳನ್ನು ಒಂದಕ್ಕಿಂತ ಒಂದು ಎತ್ತರದಲ್ಲಿ ಇಟ್ಟು ಅವನು ಗೋಡೆಗೆ ತಾಗಿಸಿ ಒಂದು ಸುಳ್ಳು ಮೆಟ್ಟಿಲನ್ನೇ ಕಟ್ಟಿಸಿಬಿಟ್ಟ. ಕಪ್ಪು ಮಿಶ್ರಿತ ಕಂದು, ಕೈಯಲ್ಲಿ ಎತ್ತಿದರೆ ಕಬ್ಬಿಣ. ಕೊರಗಪ್ಪ ಮೇಲೆ ನಿಂತ. ಅಂಗಾಲಿಗೆ ಗುರುತು ಹತ್ತಿತು. ಎಲ್ಲಿಯದು ಎಂದು ಕೇಳಿದ.

"ಎಲ್ಲಿಯದೆಂದರೆ? ಕಿರಾಲ್‌ಭೋಗಿ ಮಾರಾಯ್ರೇ, ನಮ್ಮ ಘಟ್ಟದ ಮರವೇ. ಮಂಗಳೂರು ಬಂದರದಿಂದ ಉರು ಹಡಗಿನಲ್ಲಿ ಬಂದದ್ದು. ಅದೇ ಉರುವಿನಲ್ಲಿ ನೀವು ಪುನಃ ಊರಿಗೆ ಕಳಿಸಿ. ಹೋಗಿ ಬಂದದ್ದಕ್ಕೆ ಅದೂ ಫಾರಿನ್ ಆಯ್ತಲ್ಲ."

ಹಾಜಬ್ಬನ ಹೊಟ್ಟೆ ಕುಲುಕುವುದು ನಿಲ್ಲಲು ಹೊತ್ತು ಹಿಡಿಯಿತು. ಕೊರಗಪ್ಪ ಕೇಳಿಸಿಕೊಳ್ಳಲಿಲ್ಲ. ಒಂದು ಹಲಗೆ, ಎರಡನೆಯದು. ಮೂರನೆಯದರ ನಡುವಿಗೆ ಕಾಲಿಟ್ಟ. ಸ್ವಲ್ಪ ಡೊಂಕಾಗಿ ಒಣಗಿದ್ದ ಆ ಹಲಗೆ ಇಟ್ಟಿಗೆಯ ಮೇಲೆ ಹೊರಳಿ ಕುಂಯ್ಕ್ ಎಂದಿತು. ವಾದಿ ಕಬೀರಿನ ಗರಗಸಗಳೆಲ್ಲ ಒಮ್ಮೆಗೇ ನಿಂತವು, ಹಾಗೆಂದು ಅವನಿಗೆ ಅನಿಸಿತು. ಕೆನ್ನೆ ಬಿಸಿಯಾಯಿತು, ಎಡಗೆನ್ನೆ, ಅದೇ. ಹಿಂದಿನಿಂದ ಅಮ್ಮ, ಡಬ್ಬಿಯ ಕಡ್ಡಿಯನ್ನು ಬಾಯಿಂದ ತೆಗೆಯದೆಯೇ, ಗೋಡೆ ಬದಿಯಲ್ಲಿ ಹತ್ತು ಮಗಾ ಎಂದಳು.

ಅವನು ತಿರುಗಿದ. ಹೊರಗಿನವನೊಬ್ಬ ಎದುರಿಗಿದ್ದಾನೆ, ತಾನು ನಾಲ್ಕು ಜನ ಇಂಜಿನಿಯರ್ ಎನ್ನುವವನು ಎಂಬ ಯಾವ ನೆನಪೂ ಉಳಿಯಲಿಲ್ಲ.

"ಇದು ಗುತ್ತಿನ ಮನೆಯಲ್ಲ ಅಮ್ಮ. ನನ್ನ ಮನೆ. ಇಡೀ ಬಿಲ್ಡಿಂಗ್ ನೋಡ್ತದೆ ನಿನ್ನನ್ನು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಗೋಡೆಗೆ ಅಂಟ್ಕೊಂಡು, ಕಳ್ಳರ ಹಾಗೆ."

ಆಡಿದ ಮೇಲೆ ಅವನ ಕಿವಿಗೇ ಅದು ಬೇರೆಯವರ ದನಿಯಂತೆ ಬಡಿಯಿತು. ಹಾಜಬ್ಬ ಟೋಪಿ ತೆಗೆದು ಅದರೊಳಗೆ ಏನೋ ಕಳೆದುಹೋದವನಂತೆ ನೋಡತೊಡಗಿದ. ಬಾಗಿ ಕಡ್ಡಿಯಲ್ಲಿ ಕೊನೆಯ ಗುಟುಕನ್ನು ಸೊರ್ ಎಂದು ಎಳೆದು, ಡಬ್ಬಿಯನ್ನು ಕೆಳಗಿಟ್ಟಳು.

"ಕಳ್ಳರ ಹಾಗೆ ಎಂಥದ್ದು? ಕಳ್ಳಿಯೇ ಅಲ್ಲವಾ ನಾನು."

ಆಮೇಲೆ ಅವಳು ಹೇಳಿದ್ದನ್ನು ಹಾಜಬ್ಬ ವಾದಿ ಕಬೀರಿನಲ್ಲಿ ತನ್ನದೇ ಉಪ್ಪುಖಾರ ಹಚ್ಚಿ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ. ಆದರೆ ಅವಳು ಹೇಳಿದ್ದೂ ಸಣ್ಣದೇನಲ್ಲ. ಮಧ್ಯಾಹ್ನ ಉಂಡ ಯಜಮಾನ್ತಿ ಮಲಗಿದರೆ ಆ ಗೊರಕೆಗೆ ಮಾಡಿನ ಹಂಚು ಸರಿಯುತ್ತಿತ್ತಂತೆ. ಆಗ ಬಾಗಿ ಉಪ್ಪರಿಗೆ ಹತ್ತುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಆ ಮನೆಯಲ್ಲಿ ಕೆಲಸಕ್ಕಿದ್ದಷ್ಟು ಕಾಲ. ಮೇಲೆ ಯಜಮಾನ್ತಿಯ ಆರಾಮ ಕುರ್ಚಿ, ಕುರ್ಚಿಯ ಪಕ್ಕ ಬೆಳ್ಳಿಯ ಹರಿವಾಣದಲ್ಲಿ ವೀಳ್ಯ, ಎದುರು ಕಿಟಕಿ, ಕಿಟಕಿ ತುಂಬ ಸಮುದ್ರ. ಕುರ್ಚಿಯಲ್ಲಿ ಕಾಲು ಚಾಚಿ, ಅವಳದ್ದೇ ಎಲೆ, ಅವಳದ್ದೇ ಅಡಿಕೆ ಜಗಿದು, ಹೋಗುವ ಬರುವ ಹಡಗುಗಳನ್ನು ನೋಡಿ, ಇಂಥದ್ದು ಮುಂದೆ ಹೋಗಲಿ, ಇಂಥದ್ದು ನಿಲ್ಲಲಿ ಎಂದು ಅಪ್ಪಣೆ ಕೊಟ್ಟು ಇಳಿಯುವುದು. ಇಳಿಯುವಾಗ ಬೂದಿಗಾಲಿನ ಗುರುತನ್ನು ಸೆರಗಿನಲ್ಲಿ ಒರೆಸುತ್ತ ಇಳಿಯುವುದು. ಮರದ ಮೆಟ್ಟಿಲು ನಡುವಿನಲ್ಲಿ ಚಾಡಿ ಹೇಳುತ್ತದೆ, ಗೋಡೆಯೊಳಗೆ ಕೂತ ತುದಿಯಲ್ಲಿ ಹೇಳುವುದಿಲ್ಲ. ಇದು ತಿಳಿಯಲು ಅವಳಿಗೆ ಒಂದು ಮಳೆಗಾಲ ಹಿಡಿಯಿತಂತೆ.

"ಅವತ್ತು ನಾನು ಮೇಲೆಯೇ ಇದ್ದೆ. ಬಾಯಲ್ಲಿ ಎಲೆ. ನೀನು ಬಂದು ಸರೀ ನಡುವಿಗೆ ಕಾಲಿಟ್ಟೆ, ಪೆದ್ದ. ಹತ್ತಿದ್ದಕ್ಕೆ ಹೊಡೆದದ್ದಲ್ಲ ನಾನು."

ಹಾಜಬ್ಬನ ನಗು ಮೊದಲು ಮೂಗಿನಲ್ಲಿ, ಆಮೇಲೆ ಹೆಗಲಿನಲ್ಲಿ, ಕೊನೆಗೆ ಅವನು ಕೂತ ಹಲಗೆಯ ಅಟ್ಟಿಯಲ್ಲಿ ಬಂತು. ಹಾಗಾದರೆ ಚಾಡಿ ಹೇಳಿದ್ದು ನಮ್ಮ ಅಜ್ಜ ಮಾರಿದ ಮರವೇ ಇರಬೇಕು, ಕ್ಷಮಿಸಬೇಕು ಬಾಗಕ್ಕ ಎಂದು ಎದೆ ಮುಟ್ಟಿಕೊಂಡ. ಕೊರಗಪ್ಪ ಮೂರನೇ ಹಲಗೆಯ ಮೇಲೆ ನಿಂತೇ ಇದ್ದ. ಕೆಂಪು ತುಟಿ. ಗಾಳಿಯಿಂದ ಉದುರಿದಂತೆ ಬಂದವಳು. ತುದಿಯವರೆಗೆ ಒರೆಸಿದ ಮೆಟ್ಟಿಲು. ಎಲ್ಲವೂ ಅಷ್ಟು ವರ್ಷ ಅವನ ಕಣ್ಣೆದುರಿಗೇ ಇದ್ದವು. ಅವನು ಅವುಗಳನ್ನು ನೋಡದೆ ಅವುಗಳ ಮೇಲೆ ಒಂದು ಮನೆಯನ್ನೇ ಕಟ್ಟಿಬಿಟ್ಟಿದ್ದ, ಆ ಮನೆಗೊಬ್ಬ ಇಂಜಿನಿಯರನನ್ನೂ ನೇಮಿಸಿದ್ದ. ಮೊದಲು ಬಂದದ್ದು ಸಂತೋಷವಲ್ಲ. ಜೇಬಿನಲ್ಲಿ ಜೋಪಾನವಾಗಿ ಇಟ್ಟಿದ್ದ ಏನನ್ನೋ ಯಾರೋ ಎಗರಿಸಿದಂತೆ ಅವನ ಕೈ ಪ್ಯಾಂಟನ್ನು ಮುಟ್ಟಿ ನೋಡಿಕೊಂಡಿತು. ನೀರು ಹಾಕಿ ಒರೆಸು ಎಂಬ ಆ ಮಾತು ಅಲ್ಲೇ ಇತ್ತು. ಅಮ್ಮ ಅದನ್ನು ಸುಳ್ಳು ಎನ್ನಲಿಲ್ಲ, ಅದು ಸುಳ್ಳೂ ಆಗಿರಲಿಲ್ಲ. ಆದರೆ ಆ ಮಾತನ್ನು ಕೇಳುತ್ತ ಮೊಣಕಾಲೂರಿದ ಹೆಂಗಸಿನ ಬಾಯಲ್ಲಿ ಯಜಮಾನ್ತಿಯದೇ ವೀಳ್ಯ ಇತ್ತು. ತಲೆ ತಗ್ಗಿಸಿದ್ದು ಅದಕ್ಕೆ. ತಲೆ ತಗ್ಗಿಸಿ ಅವಳು ಜಗಿಯುತ್ತಿದ್ದಳೋ ಏನೋ. ಅವನಿಗೆ ಸಾಹೇಬನ ಮೆಟ್ಟಿಲ ಗೋಡೆಯ ಅಂಚು ನೆನಪಾಯಿತು, ತನ್ನ ಮಡಚಿದ ಹೆಬ್ಬೆರಳು ನೆನಪಾಯಿತು. ಅಮ್ಮನ ನಡಿಗೆಯನ್ನು ಕದ್ದು ತಂದವನು ಅದರ ಕಳ್ಳತನವನ್ನು ಮಾತ್ರ ಊರಲ್ಲೇ ಬಿಟ್ಟು ಬಂದಿದ್ದ. ಸಾಹೇಬನ ಮೆಟ್ಟಿಲ ತುದಿಯಲ್ಲಿ ತಾನು ಏನನ್ನೂ ಜಗಿಯಲಿಲ್ಲವಲ್ಲ ಎನ್ನುವಾಗ ಅವನ ಕೆನ್ನೆಯ ಬಿಸಿ ಎಲ್ಲಿಗೋ ಇಳಿದು, ಅಳುವೆಂದು ಅವನು ತಯಾರಾಗುವಷ್ಟರಲ್ಲಿ ನಗುವಾಗಿ ಹೊರಬಿತ್ತು.

ಬಾಗಿ ಎದ್ದಳು. ಚಪ್ಪಲಿ ಕಳಚಲು ಬಗ್ಗಿದವಳು ಅರ್ಧದಲ್ಲೇ ನಿಂತು ಏನೋ ಯೋಚಿಸಿದಳು. ಯಜಮಾನ್ತಿ ಸತ್ತು ಎಷ್ಟು ಕಾಲವಾಯ್ತೋ ಎಂದು ಮಗನನ್ನು ಕೇಳಿ, ಉತ್ತರಕ್ಕೆ ಕಾಯದೆ, ಇನ್ನು ಇದು ಚಾಡಿ ಹೇಳುವುದಾದರೂ ಯಾರಿಗೆ ಎಂದು ತನ್ನನ್ನೇ ಕೇಳಿಕೊಂಡಳು. ಚಪ್ಪಲಿ ಕಾಲಲ್ಲೇ ಉಳಿಯಿತು. ಮಗನ ಮೊಣಕೈ ಹಿಡಿದು ಮೊದಲ ಹಲಗೆಯ ಸರೀ ನಡುವಿಗೆ ಕಾಲಿಟ್ಟಳು. ಸದ್ದಿಲ್ಲ. ಎರಡನೆಯದೂ ಗಟ್ಟಿ. ಅವನನ್ನು ಬದಿಗೆ ಸರಿಸಿ ಮೂರನೆಯದರ ಮೇಲೆ ನಿಂತಳು. ಮರ ಕೂಗಿತು. ಅವಳು ಬೆಚ್ಚಿ ಗೋಡೆಗೆ ಕೈಯಿಟ್ಟಳು. ಮತ್ತೆ ಕೈ ತೆಗೆದಳು. ಇನ್ನೊಮ್ಮೆ ಮೆಟ್ಟಿದಳು. ಆಮೇಲೆ, ಮಗಳ ಮದುವೆಯ ದಿನವೂ ಅಷ್ಟು ಕುಣಿಯದವಳು, ಎಡಗಾಲು ಬಲಗಾಲು ಬದಲಿಸುತ್ತ ಆ ಹಲಗೆಯಿಂದ ವಾದಿ ಕಬೀರಿನ ಬೆಟ್ಟಗಳೆಲ್ಲ ಮರುದನಿಗೊಡುವಷ್ಟು ಚಾಡಿ ಹೇಳಿಸಿದಳು.

"ಇದು ಆಗಬಹುದು. ಎಲ್ಲ ಇಂಥದ್ದೇ ಇರಲಿ."

ಹಾಜಬ್ಬನಿಗೆ ಈಗ ನಿಜಕ್ಕೂ ನೋವಾಯಿತು. ಅದು ಬಿಸಾಡಲಿಕ್ಕೆ ಇಟ್ಟ ಹಲಗೆ, ಡೊಂಕು. ಹಾಜಬ್ಬನ ಮರ ಕೂಗಿತೆಂದು ಊರಿಗೆ ಗೊತ್ತಾದರೆ ತಾನು ಪಾಣೆಮಂಗಳೂರಿನ ಸಂಕ ದಾಟಿ ಹೊಳೆಯಾಚೆಗೆ ಮುಖ ತೋರಿಸುವುದು ಹೇಗೆ ಎಂದು ವಾದಿಸಿದ. ತನ್ನ ಅಜ್ಜನ ಮೇಲೆ ಆಣೆ, ಬಾಕಿ ಹಲಗೆಗಳು ನೂರು ವರ್ಷ ಉಸಿರೆತ್ತುವುದಿಲ್ಲ ಎಂದ. ಬಾಗಿ ಒಪ್ಪಲಿಲ್ಲ. ಕೊನೆಗೆ, ಬಾಕಿಯೆಲ್ಲ ಅವನ ಮಾತಿನಂತೆ, ಮೂರನೆಯದು ಮಾತ್ರ ಅವಳ ಮಾತಿನಂತೆ, ಆ ಡೊಂಕು ಹಲಗೆಯೇ, ನಡುವಿಗೆ ಮೊಳೆ ಹೊಡೆಯದಂತೆ ಕೊಗ್ಗನಿಗೆ ಹೇಳುವುದು ತನ್ನ ಕೆಲಸ ಎಂದು ಅವಳೇ ಖಲಾಸ್ ಮಾಡಿದಳು. ಆ ಒಂದು ಅರಬ್ಬಿ ಪದವನ್ನು ಅವಳು ಬಂದ ವಾರವೇ ಕಲಿತಿದ್ದಳು. ಉಳಿದದ್ದು ಉರುವಿನಲ್ಲಿ ಹೋಗಲಿ, ಡೊಂಕಿನದ್ದನ್ನು ಮಾತ್ರ ಕಣ್ಣ ಮುಂದೆಯೇ ಇಟ್ಟುಕೊಳ್ಳುತ್ತೇನೆ ಎಂದು ಹಟ ಮಾಡಿ ಕಾರಿಗೆ ಹಾಕಿಸಿದಳು.

ಅಲ್ ಗುಬ್ರಾ ತಲುಪುವಾಗ ಸೂರ್ಯ ನೀರಿನ ಕಾರ್ಖಾನೆಯ ಹಿಂದೆ ಇಳಿಯುತ್ತಿದ್ದ. ಹಲಗೆ ಲಿಫ್ಟಿಗೆ ಹಿಡಿಸಲಿಲ್ಲ. ಕೊರಗಪ್ಪ ಅದನ್ನು ಹೆಗಲಿಗೇರಿಸಿದ. ಅಮ್ಮ ಮುಂದೆ, ಮೆಟ್ಟಿಲಿನ ನಟ್ಟನಡುವೆ, ಚಪ್ಪಲಿ ಹಾಕಿಕೊಂಡೇ, ಟಪ್ ಟಪ್ ಎಂದು. ಸದ್ದಿಗೆ ಬಾಗಿಲು ತೆರೆದ ಬಾಲಸುಬ್ರಹ್ಮಣ್ಯ ಮಾಸ್ತರರು ಮೇಲಿನಿಂದ ಬಗ್ಗಿ ಚಪ್ಪಲಿಯನ್ನೂ ಹಲಗೆಯನ್ನೂ ನೋಡಿ ಒತ್ತಡ ಇಳಿಯಿತೇ ಎಂದು ಕೇಳಿದರು. ಇಳಿಯಿತು ಸಾರ್ ಎಂದ ಕೊರಗಪ್ಪ. ಬೇರೇನೂ ಸೇರಿಸಲು ಹೊಳೆಯಲಿಲ್ಲ. ಬಾಗಿ ತಿರುವಿನಲ್ಲಿ ನಿಂತು ಏದುಸಿರು ಬಿಡುತ್ತ ಸಿಮೆಂಟಿಗೆ ಇನ್ನೊಮ್ಮೆ ಗುದ್ದಿ ಮೆಟ್ಟಿದಳು. ಇದೆಂಥ ಮೂಗ ಮೆಟ್ಟಿಲು ಮಾರಾಯ ಎಂದಳು. ಆಮೇಲೆ ದನಿ ತಗ್ಗಿಸಿ, ಅವನ ಕಡೆ ನೋಡದೆ, ಕೇಳಿದಳು.

"ಹೊಸ ಮನೆಯ ಮೇಲಿನ ಕಿಟಕಿಯಲ್ಲಿ ಸಮುದ್ರ ಕಾಣ್ತದಾ, ಸರಿಯಾಗಿ ಹೇಳು."

ಹಡಗು, ಹಡಗಿನ ಮೇಲಿನ ಹೆಸರು, ಅದರ ತುದಿಯ ಬಾವುಟ, ಎಲ್ಲ ಅವನ ನಾಲಿಗೆಯವರೆಗೆ ಬಂದವು. ಹೆಗಲಿನ ಮೇಲೆ ಹಲಗೆ ಭಾರವಾಗಿತ್ತು.

"ಸ್ವಲ್ಪ. ಗಾಳಿಗೆ ತೆಂಗಿನ ಗರಿ ಸರಿದರೆ ಒಂದು ಗೆರೆಯಷ್ಟು."

ಬಾಗಿ ಚಪ್ಪಲಿ ಸರಿಮಾಡಿಕೊಂಡು ಮುಂದಿನ ಮೆಟ್ಟಿಲ ನಡುವಿಗೆ ಕಾಲಿಟ್ಟಳು.

"ಸಾಕು. ಗುತ್ತಿನಿಂದಲೂ ಅಷ್ಟೇ ಕಾಣ್ತಾ ಇದ್ದದ್ದು."